ಕಳಿಸಿದ ಮೇಲೆ, ತಲುಪುವ ಮೊದಲು



ತಂತ್ರಜ್ಞಾನದ ಯಾವುದಾದರೊಂದು ವಿಷಯವನ್ನು ಕನ್ನಡದಲ್ಲಿ, ಮೇಲುಮೇಲಕ್ಕೆ ತೇಲಿಸದೆ, ಒಳಹೊಕ್ಕು ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿದರೆ ಸಭಾಂಗಣ ತುಂಬೀತು ಎಂದು ಸಂಘಟಕರು ಸೂಚಿಸಿದ್ದರು. ಅದರ ಬಗ್ಗೆ ಮಾತಾಡುವವರಿಗೆ ಈಗ ಬರವಿಲ್ಲ. ನಾನು ಆರಿಸಿಕೊಂಡಿದ್ದು ಹಳೆಯದಾದ, ಸಣ್ಣದಾದ, ಯಾರೂ ಕೊಂಡಾಡದ ಒಂದು ಏರ್ಪಾಟನ್ನು. ಒಂದೇ ಯಂತ್ರದಲ್ಲಿ ಓಡುತ್ತಿರುವ ಎರಡು ಪ್ರೋಗ್ರಾಂಗಳು ಆಪರೇಟಿಂಗ್ ಸಿಸ್ಟಂನ ಮೂಲಕ ಒಂದಕ್ಕೊಂದು ಸಂದೇಶ ಕಳಿಸುವ ಮೆಸೇಜ್ ಕ್ಯೂ ಅದು. ಎಂಜಿನಿಯರಿಂಗ್ ಓದುವವರು ಯುನಿಕ್ಸ್ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ಇದನ್ನು ಮಾಡಿ, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡು ಮರೆತುಬಿಡುತ್ತಾರೆ. ಮರೆಯಬಾರದ ಒಂದೆರಡು ಸಂಗತಿಗಳು ಅದರಲ್ಲಿವೆ ಎಂಬುದು ನನ್ನ ಅಭಿಪ್ರಾಯ.

ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂ, ಅಂದರೆ ಪ್ರೋಸೆಸ್, ತನ್ನದೇ ಮೆಮೊರಿಯ ಒಳಗೆ ಇರುತ್ತದೆ. ಪಕ್ಕದ ಪ್ರೋಸೆಸ್‌ನ ಮೆಮೊರಿಯನ್ನು ಅದು ಓದುವಂತಿಲ್ಲ, ಬರೆಯುವಂತಿಲ್ಲ. ಈ ಗೋಡೆ ಇಲ್ಲದಿದ್ದರೆ ಒಂದು ಪ್ರೋಗ್ರಾಂ ಕೆಟ್ಟಾಗ ಉಳಿದವೂ ಕೆಡುತ್ತವೆ. ಆದರೆ ಗೋಡೆ ಎದ್ದ ಮೇಲೆ ಎರಡೂ ಕಡೆಯವರಿಗೆ ಪರಿಚಯವಿರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಂದೇ. ಕಳಿಸುವವನು ಒಂದಿಷ್ಟು ಬೈಟುಗಳನ್ನು ಕರ್ನಲ್‌ಗೆ ಒಪ್ಪಿಸುತ್ತಾನೆ. ಕರ್ನಲ್ ಅವನ್ನು ತನ್ನ ಮೆಮೊರಿಗೆ ನಕಲು ಮಾಡಿಕೊಂಡು ಒಂದು ಪಟ್ಟಿಯ ತುದಿಗೆ ಸೇರಿಸುತ್ತದೆ. ಪಡೆಯುವವನು ಬಂದು ಕೇಳಿದಾಗ ಇನ್ನೊಮ್ಮೆ ನಕಲು ಮಾಡಿ ಅವನಿಗೆ ಕೊಡುತ್ತದೆ. ಕೆಲಸ ಇಷ್ಟೇ. ಕಳಿಸಿದವನು ಕಾಯಬೇಕಿಲ್ಲ, ಪಡೆಯುವವನು ಆ ಗಳಿಗೆಯಲ್ಲಿ ಓಡುತ್ತಿರಲೇಬೇಕು ಎಂದೇನೂ ಇಲ್ಲ. ಎರಡು ಪ್ರೋಗ್ರಾಂಗಳ ಕಾಲವನ್ನು ಒಂದರಿಂದೊಂದು ಬಿಡಿಸಿಡುವುದೇ ಕ್ಯೂ ಮಾಡುವ ಉಪಕಾರ.

ಆ ಎರಡು ನಕಲುಗಳ ನಡುವಿನ ಹೊತ್ತಿನಲ್ಲಿ ಸಂದೇಶ ಯಾರದು? ಕಳಿಸಿದವನು ಕೈತೊಳೆದುಕೊಂಡಿದ್ದಾನೆ, ಪಡೆಯುವವನಿಗೆ ಇನ್ನೂ ಸುದ್ದಿಯಿಲ್ಲ. ಕರ್ನಲ್ ಮೆಮೊರಿಯ ಜಾಗವೂ ಮಿತವಾದದ್ದು. ಹಾಗಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಜಾಗ ತುಂಬಿಹೋದರೆ ಏನು ಮಾಡಬೇಕು? ತೆಗೆದುಕೊಳ್ಳುವವನು ಬರದೇ ಹೋದರೆ ಏನು ಮಾಡಬೇಕು? ಸಂದೇಶ ಸಲೀಸಾಗಿ ಹೋಗಿ ತಲುಪುವ ಭಾಗವನ್ನು ಯಾರು ಬೇಕಾದರೂ ಬರೆದಾರು. ಈ ಎರಡಕ್ಕೆ ಕೊಟ್ಟ ಉತ್ತರದಲ್ಲಿಯೇ ಒಂದು ಕ್ಯೂನ ವಿನ್ಯಾಸ ಇರುವುದು. ಮುಂದೆ ನಾನು ಹೇಳುವುದೆಲ್ಲ ಬೇರೆ ಬೇರೆ ಕಾಲದವರು ಕೊಟ್ಟ, ಅಥವಾ ಕೊಡದೆ ಬಿಟ್ಟ, ಉತ್ತರಗಳ ಕತೆ.

ಮೊದಲ ಒಳ್ಳೆಯ ಉತ್ತರ ಬಂದದ್ದು ಡೆನ್ಮಾರ್ಕ್‌ನಿಂದ. ಅಲ್ಲಿನ ರೆಗ್ನೆಸೆಂಟ್ರಾಲೆನ್ ಎಂಬ ಕಂಪನಿ ಆರ್‌ಸಿ 4000 ಎಂಬ ಕಂಪ್ಯೂಟರನ್ನು ತಯಾರಿಸಿತ್ತು. ಪೋಲೆಂಡಿನ ಪುವಾವಿಯಲ್ಲಿದ್ದ ರಸಗೊಬ್ಬರ ಕಾರ್ಖಾನೆಯೊಂದರ ನಿಯಂತ್ರಣಕ್ಕೆ ಅದು ಬೇಕಾಗಿತ್ತು. ಅದಕ್ಕೆ ಪೆರ್ ಬ್ರಿಂಚ್ ಹ್ಯಾನ್ಸನ್ ಮತ್ತು ಸಂಗಡಿಗರು 1969ರಲ್ಲಿ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟಿದರು. ಇಡೀ ಸಿಸ್ಟಂನ್ನು ಒಂದೇ ಗುಡ್ಡೆಯಾಗಿ ಬರೆಯುವ ಬದಲು, ನಡುವೆ ಒಂದು ಚಿಕ್ಕ ತಿರುಳನ್ನಿಟ್ಟು ಉಳಿದುದೆಲ್ಲ ಪ್ರೋಸೆಸ್‌ಗಳಾಗಿ ಸುತ್ತಲೂ ಇರಲಿ, ಅವು ಸಂದೇಶಗಳ ಮೂಲಕ ಮಾತಾಡಲಿ ಎಂಬುದು ಅವರ ಯೋಚನೆ. ಆ ತಿರುಳಿನ ಬಗ್ಗೆ ಹ್ಯಾನ್ಸನ್ 1970ರ ಏಪ್ರಿಲ್‌ನಲ್ಲಿ ಬರೆದ ಲೇಖನ ಕೆಲವೇ ಪುಟಗಳದ್ದು. ಇವತ್ತಿಗೂ ವಿದ್ಯಾರ್ಥಿಗಳು ಮೂಲದಲ್ಲೇ ಓದಬಹುದಾದಷ್ಟು ತಿಳಿಯಾಗಿದೆ.

ಅವರ ಏರ್ಪಾಟಿನಲ್ಲಿ ಇದ್ದದ್ದು ನಾಲ್ಕೇ ಕ್ರಿಯೆಗಳು: ಸಂದೇಶ ಕಳಿಸು, ಸಂದೇಶಕ್ಕೆ ಕಾಯಿ, ಉತ್ತರ ಕಳಿಸು, ಉತ್ತರಕ್ಕೆ ಕಾಯಿ. ಸಂದೇಶದ ಗಾತ್ರ ಎಂಟು ವರ್ಡ್‌ಗಳಷ್ಟು ಮಾತ್ರ. ಎಲ್ಲರಿಗೂ ಸೇರಿ ಸಂದೇಶ ಇಡುವ ಜಾಗಗಳ, ಅಂದರೆ ಬಫರುಗಳ, ಒಂದೇ ಸಂಗ್ರಹ. ಕಳಿಸುವವನಿಗೆ ಅದರಿಂದ ಒಂದು ಬಫರ್ ಸಿಗುತ್ತದೆ. ಪಡೆದವನು ಅದೇ ಬಫರಿನಲ್ಲಿ ಉತ್ತರ ಹಾಕುತ್ತಾನೆ. ಕಳಿಸಿದವನು ಉತ್ತರ ತೆಗೆದುಕೊಂಡ ಮೇಲೆಯೇ ಬಫರ್ ಸಂಗ್ರಹಕ್ಕೆ ಮರಳುತ್ತದೆ. ಅಂದರೆ ಉತ್ತರಕ್ಕೆ ಬೇಕಾದ ಜಾಗವನ್ನು ಪ್ರಶ್ನೆ ಕೇಳಿದಾಗಲೇ ಕಾದಿರಿಸಿದಂತಾಯಿತು. ಈ ಒಂದು ಜಾಣತನ ಎಷ್ಟು ದೊಡ್ಡದು ಎಂಬುದು ಮುಂದೆ ಇನ್ನೊಂದು ವ್ಯವಸ್ಥೆಯನ್ನು ನೋಡುವಾಗ ಗೊತ್ತಾಗುತ್ತದೆ. ಒಬ್ಬನೇ ಸಿಕ್ಕಾಪಟ್ಟೆ ಕಳಿಸಿ ಸಂಗ್ರಹವನ್ನು ಬರಿದು ಮಾಡಬಾರದಲ್ಲ, ಅದಕ್ಕೆ ಪ್ರತಿ ಪ್ರೋಸೆಸ್ ಒಮ್ಮೆಗೆ ಎಷ್ಟು ಸಂದೇಶ ಕಳಿಸಬಹುದು ಎಂಬುದಕ್ಕೂ ಮಿತಿಯಿತ್ತು. ತುಂಬಿದರೆ ಏನು ಎಂಬುದಕ್ಕೆ ಇದು ಉತ್ತರ.

ಎರಡನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಇನ್ನೂ ಇಷ್ಟ. ಇಲ್ಲದ ಪ್ರೋಸೆಸ್‌ಗೆ ಸಂದೇಶ ಕಳಿಸಿದರೆ ತಿರುಳು ತಾನೇ ಒಂದು ಹುಸಿ ಉತ್ತರವನ್ನು ತಯಾರಿಸಿ ಕೊಡುತ್ತಿತ್ತು, ಅದು ಹುಸಿ ಎಂದು ಗುರುತು ಹಾಕಿಯೇ. ಕಳಿಸಿದವನು ಯಾರೂ ಇಲ್ಲದ ಮನೆಯ ಬಾಗಿಲಲ್ಲಿ ಕಾಯುತ್ತ ನಿಲ್ಲುವ ಪ್ರಮೇಯವಿಲ್ಲ. ಪ್ರತಿ ಸಂದೇಶಕ್ಕೂ ಒಂದು ಉತ್ತರ ಇದ್ದೇ ಇರುತ್ತದೆ. ಕೊಡುವವನು ಇಲ್ಲದಿದ್ದರೆ ಆ ಹೊಣೆ ವ್ಯವಸ್ಥೆಯದು.

ಇದೇ ಕಾಲಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟುತ್ತಿತ್ತು. ಅಲ್ಲಿಯವರು ಬೇರೆ ದಾರಿ ಹಿಡಿದರು. ಪ್ರೋಗ್ರಾಂಗಳನ್ನು ಒಂದಕ್ಕೊಂದು ಜೋಡಿಸುವ ಆಸೆಯನ್ನು ಡಗ್ ಮೆಕಿಲ್‌ರಾಯ್ 1964ರಷ್ಟು ಹಿಂದೆಯೇ ಟಿಪ್ಪಣಿಯೊಂದರಲ್ಲಿ ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪೈಪ್ ಎಂಬ ಹೆಸರಲ್ಲಿ ಯುನಿಕ್ಸ್‌ಗೆ ಸೇರಿಸಿದರು. ಪೈಪಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಎರಡೇ ಮಾತು ಹೇಳುತ್ತೇನೆ. ಪೈಪಿನಲ್ಲಿ ಸಂದೇಶ ಎಂಬುದಿಲ್ಲ, ಬೈಟುಗಳ ಹರಿವು ಮಾತ್ರ. ನೂರು ನೂರು ಬೈಟುಗಳಂತೆ ಎರಡು ಸಲ ಬರೆದದ್ದನ್ನು ಆ ಕಡೆಯವನು ಒಂದೇ ಸಲಕ್ಕೆ ಇನ್ನೂರಾಗಿ ಓದಬಹುದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬ ಗಡಿಯನ್ನು ಪೈಪ್ ನೆನಪಿಟ್ಟುಕೊಳ್ಳುವುದಿಲ್ಲ. ಎರಡನೆಯದು, ಪೈಪಿಗೆ ಎರಡು ತುದಿಗಳಿವೆ, ಎರಡೂ ಯಾರದ್ದಾದರೂ ಕೈಯಲ್ಲಿರುತ್ತವೆ. ಓದುವವರೆಲ್ಲ ಹೋದ ಮೇಲೆ ಬರೆಯಲು ಹೊರಟವನಿಗೆ ಕರ್ನಲ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸುತ್ತದೆ. ಅದನ್ನು ಸಂಭಾಳಿಸದ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಎರಡೂ ತುದಿ ಮುಚ್ಚಿದರೆ ಪೈಪೂ ಇಲ್ಲ, ಒಳಗಿದ್ದ ಬೈಟುಗಳೂ ಇಲ್ಲ. ನಿಷ್ಠುರವಾದ ಏರ್ಪಾಟು, ಆದರೆ ಸ್ವಚ್ಛ.

ಮೆಸೇಜ್ ಕ್ಯೂ ಯುನಿಕ್ಸ್‌ಗೆ ಬಂದದ್ದು ಬೆಲ್ ಲ್ಯಾಬ್ಸ್‌ನ ಇನ್ನೊಂದು ಶಾಖೆಯಿಂದ, ಓಹಾಯೋದ ಕೊಲಂಬಸ್‌ನಿಂದ. ಟೆಲಿಫೋನ್ ಕಂಪನಿಯ ದಿನನಿತ್ಯದ ಕೆಲಸ ನೋಡಿಕೊಳ್ಳುವ ಪ್ರೋಗ್ರಾಂಗಳನ್ನು ಬರೆಯುತ್ತಿದ್ದ ಅಲ್ಲಿಯವರಿಗೆ ಪೈಪ್ ಸಾಕಾಗಲಿಲ್ಲ. ಹತ್ತಾರು ಪ್ರೋಗ್ರಾಂಗಳು ತಿಂಗಳುಗಟ್ಟಲೆ ಓಡುತ್ತಿರಬೇಕು, ಯಾವುದೋ ಒಂದು ಬಿದ್ದು ಎದ್ದರೂ ಅದಕ್ಕಾಗಿ ಬಂದ ಕೆಲಸ ಕಾದಿರಬೇಕು. ಅದಕ್ಕಾಗಿ ಅವರು ಯುನಿಕ್ಸ್‌ನ ತಮ್ಮದೇ ಆವೃತ್ತಿಗೆ ಮೆಸೇಜ್ ಕ್ಯೂ, ಸೆಮಾಫೋರ್, ಹಂಚಿಕೊಂಡ ಮೆಮೊರಿ ಈ ಮೂರನ್ನೂ ಸೇರಿಸಿದರು. ಇವು 1983ರ ಸಿಸ್ಟಂ ಫೈವ್ ಯುನಿಕ್ಸ್‌ನಲ್ಲಿ ಲೋಕಕ್ಕೆಲ್ಲ ಸಿಕ್ಕವು. ಇಂದಿಗೂ ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಅದೇ ಹೆಸರಿನಿಂದ, ಬಹುಪಾಲು ಅದೇ ಗುಣದೋಷಗಳೊಂದಿಗೆ ಇವೆ.

ಎಂಎಸ್‌ಜಿ-ಗೆಟ್ ಎಂದು ಕರೆದರೆ ಕ್ಯೂ ಸಿಗುತ್ತದೆ, ಎಂಎಸ್‌ಜಿ-ಸೆಂಡ್, ಎಂಎಸ್‌ಜಿ-ರಿಸೀವ್‌ಗಳಿಂದ ಕಳಿಸುವುದು, ಪಡೆಯುವುದು, ಅಳಿಸುವುದಕ್ಕೆ ಎಂಎಸ್‌ಜಿ-ಕಂಟ್ರೋಲ್. ಪ್ರತಿ ಸಂದೇಶದ ತಲೆಯ ಮೇಲೆ ಸೊನ್ನೆಗಿಂತ ದೊಡ್ಡದಾದ ಒಂದು ಸಂಖ್ಯೆ ಇರುತ್ತದೆ, ಅದು ಸಂದೇಶದ ಬಗೆ. ಪಡೆಯುವವನು ಸೊನ್ನೆ ಎಂದು ಕೇಳಿದರೆ ಸಾಲಿನಲ್ಲಿ ಮೊದಲು ಇರುವುದು ಬರುತ್ತದೆ. 7 ಎಂದು ಕೇಳಿದರೆ 7ನೇ ಬಗೆಯ ಮೊದಲನೆಯದು. ಮೈನಸ್ 7 ಎಂದರೆ 7 ಅಥವಾ ಅದಕ್ಕಿಂತ ಸಣ್ಣ ಬಗೆಗಳಲ್ಲಿ ಎಲ್ಲಕ್ಕಿಂತ ಸಣ್ಣದು. ಇದನ್ನೇ ಆದ್ಯತೆಯಾಗಿ ಬಳಸಿಕೊಳ್ಳಬಹುದು. ದರ್ಶಿನಿ ಹೋಟೆಲಿನ ಕಟ್ಟೆಯ ಮೇಲೆ ಬಿಲ್ಲುಗಳೆಲ್ಲ ಒಟ್ಟಿಗೆ ಬಿದ್ದಿದ್ದರೂ ದೋಸೆ ಹಾಕುವವರು ದೋಸೆಯ ಬಿಲ್ಲನ್ನೇ ಎತ್ತಿಕೊಳ್ಳುತ್ತಾರೆ, ಕಾಫಿಯವರು ಕಾಫಿಯದನ್ನೇ. ಹಾಗೆ.

ಈ ಸೌಲಭ್ಯ ನೋಡಿದ ಕೂಡಲೇ ಎಲ್ಲರಿಗೂ ಹೊಳೆಯುವ ಒಂದು ವಿನ್ಯಾಸವಿದೆ. ಒಂದು ಸರ್ವರ್, ಹಲವು ಕ್ಲೈಂಟುಗಳು, ಕ್ಯೂ ಮಾತ್ರ ಒಂದೇ. ಕೋರಿಕೆಗಳೆಲ್ಲ 1ನೇ ಬಗೆಯವು. ಉತ್ತರದ ಬಗೆ ಆಯಾ ಕ್ಲೈಂಟಿನ ಪ್ರೋಸೆಸ್ ಸಂಖ್ಯೆ. 1ನೇ ಸಂಖ್ಯೆಯ ಪ್ರೋಸೆಸ್ ಯಂತ್ರವನ್ನು ಎಬ್ಬಿಸುವ ಇನಿಟ್ ಆದ್ದರಿಂದ ಗೊಂದಲಕ್ಕೂ ಆಸ್ಪದವಿಲ್ಲ. ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಬೀಳುತ್ತದೆ. ಈಗ ಇದನ್ನೇ ಸ್ವಲ್ಪ ಹತ್ತಿರ ಹೋಗಿ ನೋಡೋಣ.

ಲಿನಕ್ಸ್‌ನಲ್ಲಿ ನೀವಾಗಿ ಬದಲಾಯಿಸದಿದ್ದರೆ ಇಂಥ ಒಂದು ಕ್ಯೂ ಹಿಡಿಯುವುದು 16,384 ಬೈಟು. ಒಂದು ಸಂದೇಶದ ಗರಿಷ್ಠ ಗಾತ್ರ 8,192. ನಮ್ಮ ಕೋರಿಕೆ, ಉತ್ತರ ಎರಡೂ 1,024 ಬೈಟಿನವು ಎಂದಿಟ್ಟುಕೊಳ್ಳಿ. ಹದಿನಾರು ಕ್ಲೈಂಟುಗಳು ಒಮ್ಮೆಗೇ ಕೋರಿಕೆ ಹಾಕಿದರೆ ಕ್ಯೂ ಭರ್ತಿ. ಹದಿನೇಳನೆಯವನು, ಹದಿನೆಂಟನೆಯವನು ಎಂಎಸ್‌ಜಿ-ಸೆಂಡ್‌ನಲ್ಲೇ ನಿದ್ದೆಹೋಗುತ್ತಾರೆ, ಜಾಗವಾದಾಗ ಕರ್ನಲ್ ಎಬ್ಬಿಸುತ್ತದೆ. ಸರ್ವರ್ ಬಂದು ಒಂದು ಕೋರಿಕೆ ತೆಗೆಯುತ್ತದೆ. 1,024 ಬೈಟು ಖಾಲಿಯಾಯಿತು. ಸರ್ವರ್ ಆ ಕೋರಿಕೆಯ ಕೆಲಸ ಮಾಡುತ್ತಿರುವಾಗ ಹದಿನೇಳನೆಯವನು ಎದ್ದು ಆ ಜಾಗದಲ್ಲಿ ತನ್ನದನ್ನು ಹಾಕುತ್ತಾನೆ. ಕೆಲಸ ಮುಗಿಸಿದ ಸರ್ವರ್ ಉತ್ತರ ಹಾಕಲು ಬಂದರೆ ಜಾಗವಿಲ್ಲ, ಅದೂ ಮಲಗುತ್ತದೆ. ಈಗ ನೋಡಿ: ಹದಿನೇಳು ಕ್ಲೈಂಟುಗಳು ಉತ್ತರಕ್ಕೆ ಕಾಯುತ್ತ ಮಲಗಿದ್ದಾರೆ, ಹದಿನೆಂಟನೆಯವನು ಜಾಗಕ್ಕೆ ಕಾಯುತ್ತ ಮಲಗಿದ್ದಾನೆ, ಕ್ಯೂನಲ್ಲಿರುವ ಹದಿನಾರೂ 1ನೇ ಬಗೆಯವು, ಅವನ್ನು ತೆಗೆಯಬಲ್ಲ ಏಕೈಕ ಪ್ರೋಸೆಸ್ ಸರ್ವರ್, ಅದೂ ಮಲಗಿದೆ. ಯಾವ ಎರರೂ ಬರುವುದಿಲ್ಲ, ಸಿಪಿಯು ಆರಾಮಾಗಿರುತ್ತದೆ, ಲಾಗ್ ಫೈಲಿನಲ್ಲಿ ಒಂದಕ್ಷರವೂ ಬೀಳುವುದಿಲ್ಲ. ನಾಲ್ಕು ಕ್ಲೈಂಟುಗಳನ್ನಿಟ್ಟು ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣಿಸದು. ಗ್ರಾಹಕರ ಕಡೆ ಗದ್ದಲ ಹೆಚ್ಚಾದ ದಿನವೇ ಕಾಣಿಸುವುದು.

ಆರ್‌ಸಿ 4000ದಲ್ಲಿ ಹೀಗೆ ಆಗುತ್ತಿರಲಿಲ್ಲ, ಅಲ್ಲಿ ಉತ್ತರದ ಜಾಗ ಪ್ರಶ್ನೆಯ ಜೊತೆಗೇ ಮೀಸಲಾಗಿತ್ತು. ಸಿಸ್ಟಂ ಫೈವ್‌ನವರು ಆ ಹೊಣೆಯನ್ನು ಪ್ರೋಗ್ರಾಂ ಬರೆಯುವವನ ತಲೆಗೆ ಕಟ್ಟಿದರು. ಕೋರಿಕೆಗೊಂದು, ಉತ್ತರಕ್ಕೊಂದು ಎಂದು ಎರಡು ಕ್ಯೂ ಮಾಡಿದರೆ ಈ ಗಂಟು ಬಿಚ್ಚುತ್ತದೆ. ಆಗ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಉತ್ತರ ಬರುವಷ್ಟರಲ್ಲಿ ಕ್ಲೈಂಟ್ ಸತ್ತಿದ್ದರೆ? ಅವನ ಪ್ರೋಸೆಸ್ ಸಂಖ್ಯೆ ಹೊತ್ತ ಉತ್ತರ ಕ್ಯೂನಲ್ಲಿ ಹಾಗೇ ಕೂತಿರುತ್ತದೆ, 16,384ರಲ್ಲಿ ತನ್ನ ಪಾಲು ತಿನ್ನುತ್ತ. ಇಂಥವು ಒಂದೊಂದೇ ಸೇರಿ ಉತ್ತರದ ಕ್ಯೂ ಕೂಡ ಭರ್ತಿಯಾಗುತ್ತದೆ. ಅಷ್ಟೇ ಆದರೆ ಪುಣ್ಯ. ಯುನಿಕ್ಸ್‌ನಲ್ಲಿ ಪ್ರೋಸೆಸ್ ಸಂಖ್ಯೆಗಳು ಒಂದು ಮಿತಿಯವರೆಗೆ ಹೋಗಿ ಮತ್ತೆ ಮೊದಲಿಂದ ಬಳಕೆಯಾಗುತ್ತವೆ. ಸತ್ತವನ ಸಂಖ್ಯೆಯೇ ಹೊಸ ಕ್ಲೈಂಟ್ ಒಬ್ಬನಿಗೆ ಬಂದರೆ, ಅವನು ತನ್ನ ಉತ್ತರವೆಂದು ತೆಗೆದುಕೊಳ್ಳುವುದು ಇನ್ನಾರದೋ ಖಾತೆಯ ವಿವರವನ್ನು.

ವಾರಸುದಾರರಿಲ್ಲದ ಸಂದೇಶದ ಪಾಡು ಇದು. ಕ್ಯೂಗೇ ವಾರಸುದಾರರಿಲ್ಲದಿದ್ದರೆ? ಸಿಸ್ಟಂ ಫೈವ್ ಕ್ಯೂ ಯಾವ ಪ್ರೋಸೆಸ್‌ಗೂ ಸೇರಿದ್ದಲ್ಲ. ಹುಟ್ಟಿಸಿದವನು ಸತ್ತರೂ, ಬಳಸುತ್ತಿದ್ದವರೆಲ್ಲ ಸತ್ತರೂ, ಅದು ಇರುತ್ತದೆ. ಯಾರಾದರೂ ಬಾಯಿಬಿಟ್ಟು ಅಳಿಸಬೇಕು, ಇಲ್ಲವೆ ಯಂತ್ರ ಆರಿ ಹೊತ್ತಬೇಕು. ಕೊಲಂಬಸ್‌ನವರಿಗೆ ಬೇಕಾಗಿದ್ದುದೇ ಈ ಗುಣ, ಬಿದ್ದೆದ್ದು ಬಂದ ಪ್ರೋಗ್ರಾಂಗೆ ಅದರ ಕೆಲಸ ಕಾದಿರಲಿ ಎಂದು. ಕಾಲೇಜಿನ ಲ್ಯಾಬಿನಲ್ಲಿ ಅದೇ ಗುಣ ಬೇರೆ ಮುಖ ತೋರಿಸುತ್ತದೆ. ಹಳೆಯ ಲಿನಕ್ಸ್‌ನಲ್ಲಿ ಇಡೀ ಯಂತ್ರಕ್ಕೆ ಇರಬಹುದಾದ ಕ್ಯೂಗಳ ಮಿತಿ 16 ಇತ್ತು. ಒಂದೇ ಸರ್ವರಿಗೆ ಲಾಗಿನ್ ಆಗಿ ಬ್ಯಾಚಿನ ಹುಡುಗರೆಲ್ಲ ಕ್ಯೂ ಮಾಡುತ್ತಿದ್ದರು, ಪ್ರೋಗ್ರಾಂ ಸಿಕ್ಕಿಕೊಂಡರೆ ಕಂಟ್ರೋಲ್-ಸಿ ಒತ್ತಿ ಕೊಲ್ಲುತ್ತಿದ್ದರು, ಕ್ಯೂ ಉಳಿಯುತ್ತಿತ್ತು. ಹದಿನೇಳನೆಯ ವಿದ್ಯಾರ್ಥಿಯ ಎಂಎಸ್‌ಜಿ-ಗೆಟ್ ವಿಫಲವಾಗಿ ಪರದೆಯ ಮೇಲೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಬರುತ್ತಿತ್ತು. ಪಾಪ, ಡಿಸ್ಕ್ ತುಂಬಿದೆ ಎಂದುಕೊಂಡು ಆ ಹುಡುಗ ತನ್ನ ಹಳೆಯ ಫೈಲುಗಳನ್ನೆಲ್ಲ ಅಳಿಸುತ್ತ ಕೂರುತ್ತಿದ್ದ. ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯೂಗಳ ಮಿತಿ ಮುಗಿದಾಗಲೂ ಕರ್ನಲ್ ಅದೇ ಎರರ್ ಕೊಡುತ್ತದೆ. ಐಪಿಸಿಎಸ್ ಎಂಬ ಕಮಾಂಡ್ ಕೊಟ್ಟರೆ ಅನಾಥ ಕ್ಯೂಗಳ ಪಟ್ಟಿ ಬರುತ್ತದೆ, ಐಪಿಸಿಆರ್‌ಎಂ ಎಂಬುದರಿಂದ ಒಂದೊಂದಾಗಿ ಅಳಿಸಬಹುದು. ಮಿತಿ ಈಗ 32,000ಕ್ಕೆ ಏರಿದೆ. ಅದರಿಂದ ಅನಾಥರ ಸಂಖ್ಯೆಯೇನೂ ಕಡಿಮೆಯಾಗಿಲ್ಲ, ಅವರು ಕಣ್ಣಿಗೆ ಬೀಳುವುದು ತಡವಾಗಿದೆ.

ಎರಡು ಪ್ರೋಗ್ರಾಂಗಳು ಒಂದೇ ಕ್ಯೂಗೆ ಬಂದು ಸೇರುವುದು ಹೇಗೆ ಎಂಬಲ್ಲಿಯೂ ಒಂದು ಕೊಂಕಿದೆ. ಇಬ್ಬರಿಗೂ ಗೊತ್ತಿರುವ ಒಂದು ಫೈಲಿನ ಹೆಸರನ್ನು ಎಫ್‌ಟಿಒಕೆ ಎಂಬ ಫಂಕ್ಷನ್‌ಗೆ ಕೊಟ್ಟು ಒಂದು ಕೀಲಿ ಪಡೆಯಬೇಕು. ಅದು ನೋಡುವುದು ಫೈಲಿನ ಹೆಸರನ್ನಲ್ಲ, ಸಿಸ್ಟಂ ಆ ಫೈಲಿಗೆ ಒಳಗೊಳಗೇ ಕೊಟ್ಟಿರುವ ಐನೋಡ್ ಸಂಖ್ಯೆಯನ್ನು. ಅದರಲ್ಲೂ ಕೆಳಗಿನ 16 ಬಿಟ್‌ಗಳನ್ನು ಮಾತ್ರ. ಸರ್ವರ್ ಶುರುವಾದ ಮೇಲೆ ಯಾರೋ ಆ ಫೈಲನ್ನು ಅಳಿಸಿ ಅದೇ ಹೆಸರಲ್ಲಿ ಹೊಸದು ಮಾಡಿದರೆ ಐನೋಡ್ ಬದಲಾಗಬಹುದು. ಆಮೇಲೆ ಬಂದ ಕ್ಲೈಂಟ್ ಬೇರೆಯದೇ ಕೀಲಿ ಹಿಡಿದು ಬೇರೆಯದೇ ಕ್ಯೂ ಮುಂದೆ ನಿಲ್ಲುತ್ತಾನೆ. ಇಬ್ಬರೂ ನಿಯಮದ ಪ್ರಕಾರವೇ ನಡೆದಿದ್ದಾರೆ, ಮಾತು ಮಾತ್ರ ಇಲ್ಲ.

ಇಷ್ಟೆಲ್ಲ ಕಂಡ ಮೇಲೆ ರಿಯಲ್-ಟೈಮ್ ವ್ಯವಸ್ಥೆಗಳವರು ಯುನಿಕ್ಸ್ ಬಗೆಯ ಸಿಸ್ಟಂಗಳಿಗೆಂದು ಇರುವ ಪಾಸಿಕ್ಸ್ ಮಾನಕದ 1993ರ ಆವೃತ್ತಿಯಲ್ಲಿ ಇನ್ನೊಂದು ಬಗೆಯ ಕ್ಯೂ ತಂದರು. ಇದಕ್ಕೆ ಕೀಲಿಯಿಲ್ಲ, ನೇರವಾಗಿ ಹೆಸರಿದೆ, ಫೈಲಿನಂತೆ ಓರೆಗೆರೆಯಿಂದ ಶುರುವಾಗುವ ಹೆಸರು. ಅಳಿಸಿದರೆ ಹೆಸರು ತಕ್ಷಣ ಹೋಗುತ್ತದೆ, ಆದರೆ ತೆರೆದುಕೊಂಡಿರುವವರು ಮುಚ್ಚುವತನಕ ಕ್ಯೂ ಇರುತ್ತದೆ. ಸಿಸ್ಟಂ ಫೈವ್‌ನಲ್ಲಿ ಅಳಿಸಿದ ಗಳಿಗೆಯಲ್ಲೇ ಎಲ್ಲ ಮಾಯ, ಒಳಗಿದ್ದ ಸಂದೇಶಗಳೂ ಸೇರಿ. ಪಾಸಿಕ್ಸ್‌ನಲ್ಲಿ ಸಂದೇಶಕ್ಕೆ ಬಗೆಯ ಬದಲು ಆದ್ಯತೆ ಇದೆ. ಹೆಚ್ಚಿನ ಆದ್ಯತೆಯದು ಮೊದಲು, ಸಮಾನರಲ್ಲಿ ಹಳೆಯದು ಮೊದಲು. ಇಂತಿಷ್ಟು ಹೊತ್ತು ಕಾದು ಆಗದಿದ್ದರೆ ಹಿಂದಿರುಗುವ ಅವಕಾಶವೂ ಇದೆ. ಲಿನಕ್ಸ್‌ಗೆ ಇದು ಬಂದದ್ದು 2004ರಲ್ಲಿ, 2.6.6ನೇ ಆವೃತ್ತಿಯಲ್ಲಿ. ಅಲ್ಲಿ ಈ ಕ್ಯೂಗಳು ಒಂದು ಡೈರೆಕ್ಟರಿಯಲ್ಲಿ ಫೈಲುಗಳಂತೆಯೇ ಕಾಣುತ್ತವೆ. ಕ್ಯಾಟ್ ಎಂಬ ಕಮಾಂಡಿನಿಂದ ಓದಿದರೆ ಒಳಗೆ ಎಷ್ಟು ಬೈಟುಗಳು ಕಾದಿವೆ ಎಂದು ತೋರಿಸುತ್ತದೆ.

ಲಿನಕ್ಸ್‌ನಲ್ಲಿ ಒಂದು ಪಾಸಿಕ್ಸ್ ಕ್ಯೂ ಮೊದಲಿಗೆ ಹಿಡಿಯುವುದು ಹತ್ತು ಸಂದೇಶಗಳನ್ನು ಮಾತ್ರ. ಇದೇನು ಜಿಪುಣತನ ಎಂದು ಬಹಳ ಜನ ಬೈಯುತ್ತಾರೆ, ಮೊದಲ ದಿನವೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆ ಹತ್ತು ಒಂದು ವರ. ತುಂಬಿದಾಗ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಎಂಬುದು ನಿಮ್ಮ ಮೇಜಿನ ಮೇಲೆಯೇ, ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ಪಡೆಯುವವನು ಕಳಿಸುವವನಿಗಿಂತ ನಿಧಾನವಾಗಿದ್ದರೆ ಯಾವ ಗಾತ್ರದ ಕ್ಯೂ ಕೂಡ ಒಂದಲ್ಲ ಒಂದು ಹೊತ್ತಿಗೆ ತುಂಬಿಯೇ ತುಂಬುತ್ತದೆ. ದೊಡ್ಡದು ಮಾಡಿದರೆ ಕೆಟ್ಟ ಸುದ್ದಿ ತಡವಾಗಿ ಬರುತ್ತದೆ, ಅಷ್ಟೇ. ದೊಡ್ಡ ದತ್ತಾಂಶವನ್ನು ಕ್ಯೂನಲ್ಲಿ ತುರುಕುವುದೂ ತರವಲ್ಲ. ಪ್ರತಿ ಸಂದೇಶ ಎರಡು ಸಲ ನಕಲಾಗುತ್ತದೆ ಎಂದೆನಲ್ಲ, ಚಿತ್ರ, ವಿಡಿಯೊದಂಥವಕ್ಕೆ ಅದು ದುಬಾರಿ. ಅವನ್ನು ಹಂಚಿಕೊಂಡ ಮೆಮೊರಿಯಲ್ಲಿಟ್ಟು, ಇಂಥ ಕಡೆ ಇಟ್ಟಿದ್ದೇನೆ ಎಂಬ ಚೀಟಿಯನ್ನು ಮಾತ್ರ ಕ್ಯೂನಲ್ಲಿ ಕಳಿಸುವುದು ವಾಡಿಕೆ.

ಕ್ಯೂ ಇದ್ದರೆ ಯಾರೂ ಯಾರಿಗೂ ಕಾಯಬೇಕಿಲ್ಲ ಎಂದು ಮೊದಲಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಇಬ್ಬರು ಒಂದೇ ಪಟ್ಟಿಯನ್ನು ಮುಟ್ಟುವಾಗ ಪಟ್ಟಿ ಕೆಡದಿರಲು ಕ್ಯೂನ ಹೊಟ್ಟೆಯೊಳಗೆ ಒಂದು ಬೀಗ ಇರಲೇಬೇಕು. ಕ್ಷಣಾರ್ಧದ ಬೀಗ, ಯಾರ ಗಮನಕ್ಕೂ ಬಾರದ್ದು. ಅದು ಗಮನಕ್ಕೆ ಬಂದದ್ದು ಮಂಗಳ ಗ್ರಹದ ಮೇಲೆ.

ನಾಸಾದ ಮಾರ್ಸ್ ಪಾಥ್‌ಫೈಂಡರ್ 1997ರ ಜುಲೈ 4ರಂದು ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೇ ರಿಸೆಟ್ ಆಗತೊಡಗಿತು. ಒಳಗೆ ಓಡುತ್ತಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ. ನೌಕೆಯ ಮಾಹಿತಿ ಬಸ್ಸನ್ನು ನೋಡಿಕೊಳ್ಳಲು ಎರಡು ಕೆಲಸಗಾರ ಟಾಸ್ಕ್‌ಗಳಿದ್ದವು: ಮುಂದಿನ ಸುತ್ತನ್ನು ಹೊಂದಿಸುವ ಒಂದು, ಬಂದ ಮಾಹಿತಿಯನ್ನು ಹಂಚುವ ಇನ್ನೊಂದು. ಸುತ್ತು ಸೆಕೆಂಡಿಗೆ ಎಂಟು ಸಲ. ಎರಡಕ್ಕೂ ಆದ್ಯತೆ ಹೆಚ್ಚು. ಹವಾಮಾನದ ಅಳತೆಗಳನ್ನು ನೋಡಿಕೊಳ್ಳುವ ಟಾಸ್ಕ್ ಕೆಳ ಆದ್ಯತೆಯದು. ಹಂಚುವ ಟಾಸ್ಕ್‌ನಿಂದ ಅದಕ್ಕೆ ಮಾಹಿತಿ ಬರುತ್ತಿದ್ದದ್ದು ಒಂದು ಪೈಪಿನ ಮೂಲಕ. ವಿಎಕ್ಸ್‌ವರ್ಕ್ಸ್‌ನಲ್ಲಿ ಪೈಪ್ ಎಂದರೆ ಒಳಗಡೆ ಮೆಸೇಜ್ ಕ್ಯೂನೇ, ಫೈಲಿನಂತೆ ಓದಿ ಬರೆಯಲು ಬರುವ ಹಾಗೆ ಹೊದಿಕೆ ಹಾಕಿದ್ದಾರೆ.

ಹವಾಮಾನದ ಟಾಸ್ಕ್ ಸೆಲೆಕ್ಟ್ ಎಂಬ ಕರೆಯ ಮೂಲಕ ಪೈಪಿನಲ್ಲಿ ಏನಾದರೂ ಬಂದಿದೆಯೇ ಎಂದು ನೋಡಲು ಹೋಯಿತು. ಸೆಲೆಕ್ಟ್ ತನ್ನ ಒಳಗಿನ ಬೀಗ ಹಿಡಿಯಿತು. ಅಷ್ಟರಲ್ಲಿ ಅದಕ್ಕಿಂತ ಮೇಲಿನವರು ಎದ್ದರು, ಇದರ ಕೈಯಿಂದ ಪ್ರೊಸೆಸರ್ ಹೋಯಿತು, ಬೀಗ ಮಾತ್ರ ಕೈಯಲ್ಲೇ ಉಳಿಯಿತು. ಆಮೇಲೆ ಹಂಚುವ ಟಾಸ್ಕ್ ಎದ್ದು ಅದೇ ಪೈಪಿಗೆ ಬರೆಯಲು ಹೋದರೆ ಬೀಗ ಸಿಗಲಿಲ್ಲ, ಕಾಯುತ್ತ ನಿಂತಿತು. ಹವಾಮಾನದವನು ಒಂದು ಕ್ಷಣ ಓಡಿದರೆ ಸಾಕು, ಬೀಗ ಬಿಡುತ್ತಾನೆ. ಆದರೆ ನಡು ಆದ್ಯತೆಯ ಟಾಸ್ಕ್‌ಗಳು ಬೇಕಾದಷ್ಟು ಕೆಲಸ ಇಟ್ಟುಕೊಂಡಿದ್ದವು, ಕೆಳಗಿನವನಿಗೆ ಸರದಿಯೇ ಬರಲಿಲ್ಲ. ಕೆಳಗಿನವನಿಗಾಗಿ ಮೇಲಿನವನು ಕಾಯುತ್ತಿದ್ದಾನೆ, ಇಬ್ಬರನ್ನೂ ನಡುವಿನವರು ತಡೆದಿದ್ದಾರೆ. ಅಷ್ಟರಲ್ಲಿ ಮುಂದಿನ ಸುತ್ತು ಬಂತು. ಹೊಂದಿಸುವ ಟಾಸ್ಕ್ ಎದ್ದು ನೋಡಿದರೆ ಹಂಚುವವನ ಕೆಲಸ ಮುಗಿದಿಲ್ಲ. ಹೀಗಾದರೆ ಏನೋ ಗಂಭೀರವಾಗಿ ಕೆಟ್ಟಿದೆ ಎಂದೇ ಅರ್ಥ, ರಿಸೆಟ್ ಮಾಡು ಎಂದು ಮೊದಲೇ ಬರೆದಿಟ್ಟಿದ್ದರು. ಮಾಡಿತು.

ಈ ರೋಗಕ್ಕೆ ಮದ್ದು ಆಗಲೇ ಗೊತ್ತಿತ್ತು. ಲೂಯಿ ಷಾ, ರಘುನಾಥನ್ ರಾಜ್‌ಕುಮಾರ್, ಜಾನ್ ಲೆಹೋಸ್ಕಿ 1990ರಲ್ಲಿ ಇದನ್ನು ಪ್ರಕಟಿಸಿದ್ದರು: ಮೇಲಿನವನು ಕಾಯುತ್ತಿದ್ದರೆ, ಬೀಗ ಹಿಡಿದವನಿಗೆ ಅದನ್ನು ಬಿಡುವತನಕ ಮೇಲಿನವನ ಆದ್ಯತೆಯನ್ನೇ ಕೊಡಬೇಕು. ವಿಎಕ್ಸ್‌ವರ್ಕ್ಸ್‌ನಲ್ಲಿ ಅದಕ್ಕೊಂದು ಸ್ವಿಚ್ ಕೂಡ ಇತ್ತು, ಸೆಲೆಕ್ಟ್‌ನ ಬೀಗಕ್ಕೆ ಅದನ್ನು ಹಾಕಿರಲಿಲ್ಲ. ಭೂಮಿಯ ಮೇಲಿನ ಪ್ರತಿಕೃತಿಯಲ್ಲಿ ತೊಂದರೆಯನ್ನು ಮರುಕಳಿಸಿ ನೋಡಿ, ಸ್ವಿಚ್ ಹಾಕುವ ಬದಲಾವಣೆಯನ್ನು ಮಂಗಳಕ್ಕೆ ಕಳಿಸಿದರು, ರಿಸೆಟ್‌ಗಳು ನಿಂತವು. ತಂಡದ ಸಾಫ್ಟ್‌ವೇರ್ ಮುಖ್ಯಸ್ಥರಾಗಿದ್ದ ಗ್ಲೆನ್ ರೀವ್ಸ್ ಆಮೇಲೆ ಇದೆಲ್ಲವನ್ನೂ ಬಿಡಿಸಿ ಬರೆದರು. ಇಳಿಯುವ ಮೊದಲು ಭೂಮಿಯ ಮೇಲೆಯೂ ಇದು ಕಾಣಿಸಿಕೊಂಡಿತ್ತು, ಮರುಕಳಿಸದಿದ್ದರಿಂದ ಹಿಡಿಯಲಾಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಈ ಪ್ರಸಂಗವನ್ನು ಎಲ್ಲರೂ ಆದ್ಯತೆಯ ತಿರುವುಮುರುವು ಎಂಬ ಪಾಠಕ್ಕೆ ಬಳಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ಇದು ನಡೆದದ್ದು ಸಂದೇಶದ ಸಾಲಿನೊಳಗೆ ಎಂಬುದು. ಆ ಟಾಸ್ಕ್‌ಗಳನ್ನು ಬರೆದವರು ಬೀಗ ಬಳಸಿರಲಿಲ್ಲ, ಸಂದೇಶ ಬಳಸಿದ್ದರು. ಬೀಗ ಅವರಿಗೆ ಕಾಣದ ಕಡೆ ಇತ್ತು.

ಯಂತ್ರದಿಂದ ಯಂತ್ರಕ್ಕೆ ಸಾಗುವ ಕ್ಯೂಗಳು, ಅಂದರೆ ರ್‍ಯಾಬಿಟ್‌ಎಂಕ್ಯೂ, ಕಾಫ್ಕಾ ಮುಂತಾದವು, ಇನ್ನೊಂದು ಉಪನ್ಯಾಸಕ್ಕಾಗುವಷ್ಟು ಇವೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಎಷ್ಟೋ ಮಂದಿಗೆ ಇವತ್ತು ಕ್ಯೂ ಎಂದರೆ ಅವೇ. ಕರ್ನಲ್‌ನ ಕ್ಯೂ ಕರೆಂಟ್ ಹೋದರೆ ಹೋಯಿತು. ಅವು ಡಿಸ್ಕಿಗೆ ಬರೆದಿಡಬಲ್ಲವು. ಉಳಿದಂತೆ ಅದೇ ಎರಡು ಪ್ರಶ್ನೆಗಳು ಅಲ್ಲಿಯೂ ಇವೆ.

ವಾರಸುದಾರಿಕೆಯ ಪ್ರಶ್ನೆಗೆ ಇತ್ತೀಚೆಗೆ ಬಂದ ಎರಡು ಉತ್ತರಗಳನ್ನು ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು ಲಿನಕ್ಸ್ ಕರ್ನಲ್ ಮೇಲೆಯೇ ಓಡುವಂಥದ್ದು. ಆದರೆ ಅದನ್ನು ಕಟ್ಟಿದವರು ಸಿಸ್ಟಂ ಫೈವ್ ಕ್ಯೂಗಳನ್ನು ಆ್ಯಪ್‌ಗಳ ಕೈಗೆ ಕೊಡಲೇ ಇಲ್ಲ. ಮೆಮೊರಿ ಸಾಲದಾದಾಗ ಆಂಡ್ರಾಯ್ಡ್ ಪ್ರೋಸೆಸ್‌ಗಳನ್ನು ಹೇಳದೆ ಕೇಳದೆ ಕೊಲ್ಲುತ್ತದೆ. ಕೊಂದಾಗಲೆಲ್ಲ ಅನಾಥ ಕ್ಯೂಗಳು ಕರ್ನಲ್‌ನಲ್ಲಿ ಉಳಿಯುತ್ತ ಹೋದರೆ 32,000 ಕೂಡ ಸಾಕಾಗದು. ಅದರ ಬದಲು ಬೈಂಡರ್ ಎಂಬುದನ್ನು ಇಟ್ಟರು. ಅದರಲ್ಲಿ ಆ ಕಡೆಯ ಪ್ರೋಸೆಸ್ ಸತ್ತರೆ ಈ ಕಡೆಯವನಿಗೆ ಸಾವಿನ ಸುದ್ದಿ ಬರುವಂತೆ ಕೇಳಿಟ್ಟುಕೊಳ್ಳಬಹುದು. ಹ್ಯಾನ್ಸನ್ ಅವರ ಹುಸಿ ಉತ್ತರವನ್ನು ಬಲ್ಲವರಿಗೆ ಇದು ಹೊಸತೆನಿಸದು.

ಇನ್ನೊಂದು ಉತ್ತರ ಲಿನಕ್ಸ್ ಸರ್ವರುಗಳದ್ದು. ಬಹುತೇಕ ಲಿನಕ್ಸ್ ಯಂತ್ರಗಳನ್ನು ಈಗ ಎಬ್ಬಿಸಿ ನಡೆಸುವ ಸಿಸ್ಟಂಡಿ 2014ರ ಹೊತ್ತಿಗೆ ಒಂದು ಹೊಸ ನಿಯಮ ತಂದಿತು: ಒಬ್ಬ ಬಳಕೆದಾರ ಪೂರ್ತಿಯಾಗಿ ಲಾಗ್‌ಔಟ್ ಆದಾಗ ಅವನ ಹೆಸರಲ್ಲಿರುವ ಕ್ಯೂ, ಸೆಮಾಫೋರ್, ಹಂಚಿಕೊಂಡ ಮೆಮೊರಿ ಎಲ್ಲವನ್ನೂ ಅಳಿಸಿಬಿಡುವುದು. ನಮ್ಮ ಲ್ಯಾಬಿನ ಹುಡುಗರಿಗೆ ಇದೇ ಬೇಕಾಗಿತ್ತು. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡಿಸುವವರಿಗೆ ಇದು ಪೀಕಲಾಟವಾಯಿತು. ಡೇಟಾಬೇಸ್ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ. ನಿರ್ವಾಹಕ ಅದೇ ಹೆಸರಿನಲ್ಲಿ ಲಾಗಿನ್ ಆಗಿ, ಏನೋ ಒಂದು ನೋಡಿ, ಲಾಗ್‌ಔಟ್ ಆಗುತ್ತಾನೆ. ಆ ಹೆಸರಿನವರು ಯಾರೂ ಇಲ್ಲ ಎಂದುಕೊಂಡ ಸಿಸ್ಟಂಡಿ, ಜೀವಂತ ಡೇಟಾಬೇಸ್‌ನ ಕೆಳಗಿನಿಂದ ಸೆಮಾಫೋರುಗಳನ್ನು ಎಳೆದುಹಾಕುತ್ತದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಭಾಗವಿದೆ: ಆ ನಿಯಮವನ್ನು ಆರಿಸಿಡಿ, ಇಲ್ಲವೆ ಡೇಟಾಬೇಸ್‌ನ ಬಳಕೆದಾರನನ್ನು ಸಿಸ್ಟಂ ಬಳಕೆದಾರನಾಗಿ ಸೃಷ್ಟಿಸಿ, ಏಕೆಂದರೆ ಅಂಥವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಹೊಸ ಸರ್ವರ್ ಕಟ್ಟುವಾಗ ನೀವು ಮೊದಲು ನೋಡಬೇಕಾದ ಸೆಟಿಂಗ್‌ಗಳಲ್ಲಿ ಇದೂ ಒಂದು.